ಸಂಪಾದಕರ ಉತ್ತರ: ತಟ್ಟೆಯ ಜಗಳ ಬಿಡಿ, ಜ್ವರದ ಮೇಲೆ ಕಣ್ಣಿಡಿ

ತಿಪಟೂರಿನ ಸೋದರಿಗೆ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ತಿರುಳು ಇಷ್ಟು: ತಾಯಿಯವರಿಗೆ ಸ್ತನ ಕ್ಯಾನ್ಸರ್. ಬೆಂಗಳೂರಿನಲ್ಲಿ 21 ದಿನಕ್ಕೊಮ್ಮೆ ಕೀಮೋ, ಎರಡು ಮುಗಿದಿವೆ. ಊಟ ಸೇರುತ್ತಿಲ್ಲ. ಮೊನ್ನೆ ನೀವು ಕಲಸಿಕೊಟ್ಟ ಅನ್ನವನ್ನು ಅವರು ಪಕ್ಕಕ್ಕೆ ಸರಿಸಿದಾಗ, "ನಿಂಗೆ ಬದುಕೋ ಆಸೆನೇ ಇಲ್ವೇನಮ್ಮ?" ಎಂದು ಗದರಿಬಿಟ್ಟಿರಿ. ನಾನು ಕೆಟ್ಟ ಮಗಳಾ ಎಂದು ಕೇಳಿದ್ದೀರಿ.

ನನ್ನ ತಂದೆಗೆ ಕೀಮೋ ನಡೆಯುತ್ತಿದ್ದಾಗ ನಾನೂ ಅದೇ ಮಾತು ಆಡಿದವನು, ಇನ್ನೂ ಜೋರಾಗಿ. ಅಪ್ಪ ಮರುಮಾತಾಡದೆ ಒಂದು ತುತ್ತು ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ಬಚ್ಚಲಿನಲ್ಲಿ ಉಗಿಯುವ ಸದ್ದು ಕೇಳಿಸಿತು.

ಅದು ಹಟವಲ್ಲ. ಬೇಗ ಬೇಗ ಹುಟ್ಟಿ ಬೆಳೆಯುವ ಕೋಶಗಳನ್ನು ಹೊಡೆಯುವುದು ಕೀಮೋ ಔಷಧಿಯ ಕೆಲಸ. ಬಾಯಿಯ ಒಳಪದರ, ಕರುಳು, ಕೂದಲಿನ ಬುಡ, ಮೂಳೆಯೊಳಗಿನ ಮಜ್ಜೆ, ಇವೂ ಅದೇ ಜಾತಿಯವು. ಹಾಗಾಗಿ ಗಡ್ಡೆಯ ಜೊತೆ ಇವಕ್ಕೂ ಏಟು. ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತದೆ, ನೀರು ಕೂಡ ಕಬ್ಬಿಣ ನೆಕ್ಕಿದ ಹಾಗೆ ಅನ್ನಿಸುತ್ತದೆ. ಅಡುಗೆ ಮಾಡುವಾಗ ಅವರನ್ನು ಹಜಾರದಲ್ಲೋ ಜಗಲಿಯಲ್ಲೋ ಕೂರಿಸಿ. ಬಿಸಿ ಸಾರಿಗಿಂತ ಆರಿದ ರಾಗಿ ಗಂಜಿ ಒಳಗೆ ಹೋದೀತು, ಆರಿದ್ದಕ್ಕೆ ವಾಸನೆ ಕಡಿಮೆ. ಸ್ಟೀಲ್ ತಟ್ಟೆ ಬಿಟ್ಟು ಪಿಂಗಾಣಿ ಬಟ್ಟಲಲ್ಲಿ ಕೊಟ್ಟು ನೋಡಿ. ಎರಡು ಗಂಟೆಗೊಮ್ಮೆ ನಾಲ್ಕು ಚಮಚ ಹೋದರೂ ಸಾಕು. ವಾಂತಿಯ ಮಾತ್ರೆಯನ್ನು ಡಾಕ್ಟರು ಹೇಳಿದ ಹೊತ್ತಿಗೇ ಕೊಡಿ. ವಾಂತಿ ಶುರುವಾದ ಮೇಲೆ ಕೊಟ್ಟರೆ ಅದು ಒಳಗೆ ನಿಲ್ಲುವುದಿಲ್ಲ. ಆ ಮಾತ್ರೆಯಿಂದ ಮಲಬದ್ಧತೆ ಆಗುವುದುಂಟು. ಎಷ್ಟೋ ಹೆಂಗಸರು ನಾಚಿಕೆಯಿಂದ ಇದನ್ನು ಹೇಳುವುದೇ ಇಲ್ಲ, ನೀವೇ ಕೇಳಿ.

ಕೆಂಪು ಇಂಜೆಕ್ಷನ್ ಆದ ಮಾರನೇ ದಿನ ಮೂತ್ರ ಕೆಂಪಾಗಿತ್ತು, ರಕ್ತವಾ ಎಂದು ಹೆದರಿದ್ದೀರಿ. ಆ ಔಷಧಿ ಡಾಕ್ಸೊರುಬಿಸಿನ್ ಇದ್ದೀತು. ಅದರ ಬಣ್ಣವೇ ಒಂದೆರಡು ದಿನ ಹಾಗೆ ಇಳಿಯುತ್ತದೆ. ಆಮೇಲೂ ಕೆಂಪಾಗಿದ್ದರೆ ಡಾಕ್ಟರಿಗೆ ಹೇಳಿ.

ಪತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ನೀವು ಒಂದೇ ಸಾಲಿನಲ್ಲಿ ದಾಟಿಹೋದ ಸಂಗತಿ: "ನಡುವೆ ಒಂದು ರಾತ್ರಿ ಮೈ ಬಿಸಿಯಾಗಿತ್ತು, ಪ್ಯಾರಸಿಟಮಾಲ್ ಕೊಟ್ಟೆ, ಇಳೀತು." ನಾವೂ ಹೀಗೇ ಮಾಡಿದ್ದೆವು. ಅಪ್ಪನಿಗೆ ಕೀಮೋ ಆಗಿ ಹತ್ತನೇ ರಾತ್ರಿ. ಬೆಳಗಾಗಲಿ ಎಂದು ಮಲಗಿಸಿದೆವು. ಬೆಳಗಾಗುವಾಗ ಅವರಿಗೆ ನಮ್ಮ ಗುರುತು ಹತ್ತಲಿಲ್ಲ, ಎಂಟು ದಿನ ಐಸಿಯುನಲ್ಲಿದ್ದರು. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣ ತೀರಾ ಇಳಿದಿರುತ್ತದೆ. ಸೋಂಕು ತಗುಲಿದರೆ ತಡೆಯಲು ಮೈಯಲ್ಲಿ ಪಡೆಯೇ ಇರುವುದಿಲ್ಲ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದರೆ ಗಂಟೆ ಎಷ್ಟೇ ಆಗಿರಲಿ, ಆಸ್ಪತ್ರೆಗೆ ಹೊರಡಿ. ಮಾತ್ರೆ ಕೊಟ್ಟು ಕಾಯಬೇಡಿ. ಬೆಂಗಳೂರೇ ಆಗಬೇಕೆಂದಿಲ್ಲ, ಹತ್ತಿರದ ದೊಡ್ಡ ಆಸ್ಪತ್ರೆ ಸಾಕು. ಬಾಗಿಲಲ್ಲೇ "ಕೀಮೋ ಆಗಿ ಇಷ್ಟು ದಿನ, ಜ್ವರ ಇದೆ" ಎಂದು ಹೇಳಿ. ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಡಿ.

ನಿಮ್ಮ ಚಿಕ್ಕಪ್ಪ ತಂದುಕೊಟ್ಟ ನಾಟಿ ಪುಡಿಯ ಬಗ್ಗೆ: ಕೀಮೋ ಮುಗಿಯುವ ತನಕ ಕಪಾಟಿನಲ್ಲೇ ಇರಲಿ. ಈಗಾಗಲೇ ಕೊಟ್ಟಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ. ಕೀಮೋದಿಂದ ದಣಿದ ಲಿವರಿಗೆ ಇನ್ನೊಂದು ಹೊರೆ ಬೇಡ.

ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲಿ ಅಮ್ಮ ಸೋತುಹೋಗುತ್ತಾರೆ ಎಂದಿದ್ದೀರಿ. ರೈಲು ನೋಡಿ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ದರ್ಜೆಯಲ್ಲಿ ಟಿಕೆಟ್ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಪಾಲು. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಆಸ್ಪತ್ರೆಯಲ್ಲಿ ಕೇಳಿ ಬರೆಸಿಕೊಳ್ಳಿ.

ಇನ್ನು ನಿಮ್ಮ ಪ್ರಶ್ನೆ. ಗದರಿದ್ದಕ್ಕೆ ಆ ರಾತ್ರಿ ಅಡುಗೆಮನೆಯಲ್ಲಿ ಅತ್ತೆ ಎಂದು ಬರೆದಿದ್ದೀರಿ. ನನಗೆ ಬರೆದ ಆ ಮಾತನ್ನು ಅಮ್ಮನಿಗೂ ಹೇಳಿ, ಅವರಿಗೆ ಗೊತ್ತಿಲ್ಲದ್ದೇನೂ ಆಗಿರಲಾರದು. ನಾನು ಅಪ್ಪನಿಗೆ ಹೇಳಲು ಎರಡು ತಿಂಗಳು ತೆಗೆದುಕೊಂಡೆ. "ಗಂಜಿಗೆ ಉಪ್ಪು ಹಾಕೋದು ಮರೀತಿದ್ಯಲ್ಲ, ಅದಕ್ಕೆ ಉಗೀತಿದ್ದೆ" ಎಂದು ನಕ್ಕರು.

ಮೂರನೇ ಕೀಮೋ ಬರುವ ಸೋಮವಾರ ಎಂದಿದ್ದೀರಿ. ಅಷ್ಟರೊಳಗೆ ಒಂದು ಥರ್ಮಾಮೀಟರ್ ಕೊಂಡಿಡಿ.

— ಸಂಪಾದಕ