ಆರನೆಯ ಎಣಿಕೆ

ಸಂಗೀತಗಾರರು ನನ್ನಲ್ಲಿಗೆ ಮನಸ್ಸಿನ ದೂರು ಹೇಳಿಕೊಂಡು ಬರುವುದು ಕಡಿಮೆ. ಗಂಟಲು ಕಟ್ಟುತ್ತದೆ, ಬೆರಳು ಸೆಟೆಯುತ್ತದೆ, ವೇದಿಕೆ ಹತ್ತುವ ಮುನ್ನ ಹೊಟ್ಟೆ ತೊಳೆಸುತ್ತದೆ ಎನ್ನುತ್ತಾರೆ. ಮೂರು ನಾಲ್ಕು ಭೇಟಿಗಳಾದ ಮೇಲೆ, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಚಿಕ್ಕಂದಿನಲ್ಲಿ ಸ್ವಲ್ಪ ಏಟು ಬೀಳುತ್ತಿತ್ತು, ಅದೇನು ದೊಡ್ಡದಲ್ಲ ಬಿಡಿ" ಎಂದು ನಕ್ಕು ಹೋಗುತ್ತಾರೆ. ಆ 'ಸ್ವಲ್ಪ' ಎಷ್ಟೆಂದು ತಿಳಿಯುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಇದೊಂದನ್ನೇ ಆರಿಸಿಕೊಂಡಿದ್ದೇಕೆಂದರೆ ಇದರಲ್ಲಿ ನಾನು ಒಂದು ತಪ್ಪು ಮಾಡಿದ್ದೆ. ವಾದಕರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ವಯಸ್ಸು, ಊರು, ಮನೆಯ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ.

ನಲವತ್ತರ ಆಸುಪಾಸಿನ ಪಿಟೀಲು ವಾದಕರು. ಪಕ್ಕವಾದ್ಯಕ್ಕೆ ಒಳ್ಳೆಯ ಬೇಡಿಕೆ; ರಾಮನವಮಿಯ ದಿನಗಳಲ್ಲಿ ಒಂದು ಚಪ್ಪರದಿಂದ ಇನ್ನೊಂದು ಚಪ್ಪರಕ್ಕೆ ಓಡಾಟ. ಆದರೆ ಸೋಲೋ ಕಚೇರಿ ಎಂದರೆ ಕೈಕಾಲು ತಣ್ಣಗಾಗುತ್ತವೆ, ಉಸಿರು ಮೇಲಕ್ಕೇ ನಿಲ್ಲುತ್ತದೆ. ಎರಡು ವರ್ಷಗಳಿಂದ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದರು. ಜೊತೆಗೆ ಎಡಭುಜದ ನೋವು. ಮೂಳೆ ವೈದ್ಯರ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ವಾದಕರ ಬೆರಳುಗಳನ್ನು ಸೆಳೆತಕ್ಕೆ ಸಿಕ್ಕಿಸುವ ಡಿಸ್ಟೋನಿಯಾ ಎಂಬ ನರದ ತೊಂದರೆಯೂ ಇರುವುದರಿಂದ ನರತಜ್ಞರಿಗೂ ತೋರಿಸಿಕೊಂಡು ಬರಲು ಹೇಳಿದ್ದೆ. ಅವರೂ ಏನಿಲ್ಲ ಎಂದರು.

ಗುರು ಬೇರೆ ಯಾರೂ ಅಲ್ಲ, ತಂದೆಯೇ. ಬೆಳಗಿನ ನಾಲ್ಕೂವರೆಗೆ ಸಾಧನೆ. ಚಾಪೆಯ ಮೇಲೆ ಹತ್ತು ಹುಣಸೆ ಬೀಜ. ಒಂದು ಸಲ ತಪ್ಪಿಲ್ಲದೆ ನುಡಿಸಿದರೆ ಒಂದು ಬೀಜ ಎಡದಿಂದ ಬಲಕ್ಕೆ; ಎಲ್ಲಿ ತಪ್ಪಿದರೂ ಎಲ್ಲ ಬೀಜಗಳೂ ಮರಳಿ ಎಡಕ್ಕೆ. ಒಂಬತ್ತನೆಯ ಬೀಜದ ಬಳಿ ತಪ್ಪಿದ ದಿನ ಶಾಲೆ ತಪ್ಪುತ್ತಿತ್ತು, ಏಟೂ ಬೀಳುತ್ತಿತ್ತು. ಇದನ್ನೆಲ್ಲ ಎರಡನೆಯ ಭೇಟಿಯಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದ್ದರು. ನಾನು ಸಮಾಧಾನದ ದನಿಯಲ್ಲಿ ಅಂದೆ: "ಆ ಕಾಲವೇ ಹಾಗಿತ್ತು. ನಿಮ್ಮ ತಂದೆಯವರಿಗೂ ಏನೇನು ಕಷ್ಟವಿತ್ತೋ."

ಅವರು ತಲೆಯಾಡಿಸಿ ಹೋದವರು ಆರು ವಾರ ಬರಲಿಲ್ಲ. ಬಂದ ಮೇಲೆ ಕಾರಣ ಕೇಳಿದೆ. "ಅಮ್ಮನೂ ಇದೇ ಮಾತು ಹೇಳುತ್ತಿದ್ದಳು ಮೇಡಂ, ಕೆನ್ನೆಗೆ ಅರಿಶಿನ ಹಚ್ಚುತ್ತಾ" ಎಂದರು.

ಇಪ್ಪತ್ತು ವರ್ಷಗಳಿಗೂ ಮೀರಿ ಈ ಕುರ್ಚಿಯಲ್ಲಿ ಕುಳಿತಿದ್ದೇನೆ. ಹೊಡೆದವರ ಪರವಾಗಿ ವಕಾಲತ್ತು ವಹಿಸುವುದು ನನ್ನ ಕೆಲಸವಲ್ಲ ಎಂದು ತರಬೇತಿಗೆ ಬರುವವರಿಗೆ ನಾನೇ ಪಾಠ ಮಾಡುತ್ತೇನೆ. ಆದರೂ ಆ ಮಾತು ನನ್ನ ಬಾಯಿಂದ ಬಂತು. ಹಿರಿಯರು, ಗುರುಗಳು, ಅದರಲ್ಲೂ ತಂದೆ ಎಂದ ಕೂಡಲೇ ನಮ್ಮ ನಾಲಿಗೆ ತಾನಾಗಿ ಆ ಕಡೆ ಹೊರಳುತ್ತದೆ.

ಅವರು ಮರಳಿ ಬಂದದ್ದು ನನ್ನ ಮೇಲಿನ ನಂಬಿಕೆಯಿಂದಲ್ಲ, ಎಂಟು ವರ್ಷದ ಮಗಳಿಗಾಗಿ. ಅವಳಿಗೆಂದು ಅರ್ಧ ಅಳತೆಯ ಪಿಟೀಲು ತಂದು ಮೊದಲ ಪಾಠವಾದ ಸರಳೆ ವರಸೆ ಶುರು ಮಾಡಿದ್ದರು. ಪಾಠಕ್ಕೆ ಕುಳಿತರೆ ಹತ್ತು ನಿಮಿಷದಲ್ಲಿ ಬೆವರು. ಅವಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಆದರೆ ಎಂದಾದರೂ ಕೈ ಎತ್ತಿಬಿಡುತ್ತೇನೇನೋ ಎಂಬ ಹೆದರಿಕೆ.

ಅಂದು ಅವರ ಬಳಿ ವಾದ್ಯವಿತ್ತು. ಇಲ್ಲಿಂದ ನೇರ ಕಚೇರಿಗೆ ಹೋಗಬೇಕಿತ್ತು. ನಾನೂ ಜೂನಿಯರ್ ಪರೀಕ್ಷೆಯವರೆಗೆ ಹಾಡು ಕಲಿತವಳು, ಆದಿತಾಳ ಹಾಕುವಷ್ಟು ಬರುತ್ತದೆ. ಮಗಳಿಗೆ ಹೇಳಿಕೊಡುವುದನ್ನು ನನಗೂ ನುಡಿಸಿ ತೋರಿಸಿ ಎಂದೆ. ಕೆಳಗೆ ಚಾಪೆ ಹಾಸಿಕೊಂಡೆವು. ಅವರು ಪಿಟೀಲಿನ ತಲೆಯನ್ನು ಬಲಪಾದದ ಮೇಲಿರಿಸಿ, ಬಿರಡೆ ತಿರುವಿ ಶ್ರುತಿ ಸರಿ ಮಾಡಿ, ಮಾಯಾಮಾಳವಗೌಳ ರಾಗದಲ್ಲಿ ಮೊದಲ ವರಸೆ ಆರಂಭಿಸಿದರು. ನಾನು ಎದುರು ಕುಳಿತು ತಾಳ ಹಾಕಿದೆ. ಒಟ್ಟು ಎಂಟು ಎಣಿಕೆ: ತೊಡೆಗೆ ಒಂದು ಘಾತ, ಮೂರು ಬೆರಳೆಣಿಕೆ, ಮತ್ತೆ ಘಾತ, ಹುಸಿ, ಘಾತ, ಹುಸಿ.

ನಾದದಲ್ಲಿ ಕೂದಲೆಳೆಯ ದೋಷವಿರಲಿಲ್ಲ. ಆದರೆ ಆರನೆಯ ಎಣಿಕೆಗೆ ಎಡಭುಜ ಕಿವಿಯತ್ತ ಏರಿತು. ಏಳಕ್ಕೆ ಇಳಿಯಿತು. ಮುಂದಿನ ಆವರ್ತದಲ್ಲೂ ಹಾಗೆಯೇ. ಮೂರನೆಯದರಲ್ಲೂ ಅದೇ ಆದಾಗ ನಿಲ್ಲಿಸಿದೆ.

"ನಿಮ್ಮ ಭುಜ ಏನು ಮಾಡುತ್ತಿದೆ ಗೊತ್ತೇ?"

ಗೊತ್ತಿರಲಿಲ್ಲ. ಪಿಟೀಲು ಕೆಳಗಿಡಿಸಿ ಬರಿಯ ತಾಳ ಹಾಕಿದೆ. ಆರಕ್ಕೆ ಭುಜ ಮತ್ತೆ ಎದ್ದಿತು. ಈ ಬಾರಿ ಅವರಿಗೂ ಅರಿವಾಯಿತು.

"ಐದನೆಯದು ಘಾತ. ಆರನೆಯದು?"

"ಹುಸಿ."

"ಹುಸಿಗೆ ಕೈ ಹೇಗಿರುತ್ತದೆ?"

ತಮ್ಮ ಬಲಗೈ ಎತ್ತಿ ಅಂಗೈಯನ್ನು ಮೇಲ್ಮುಖವಾಗಿ ತೆರೆದರು. ಹಾಗೆಯೇ ಅದನ್ನು ನೋಡುತ್ತಾ ಕುಳಿತರು. ಹೊರಗೆ ಗ್ಯಾಸ್ ಸಿಲಿಂಡರಿನವನು ಕೂಗಿಕೊಂಡು ಹೋದ.

"ಇಲ್ಲಿಂದಲೇ ಬರುತ್ತಿತ್ತು" ಎಂದರು ಕೊನೆಗೆ. "ತೆರೆದ ಅಂಗೈ ನೇರ ಕೆನ್ನೆಗೆ. ಆದರೆ ಅಪ್ಪ ತಾಳ ತಪ್ಪುತ್ತಿರಲಿಲ್ಲ ಮೇಡಂ. ಏಳನೆಯ ಘಾತಕ್ಕೆ ಕೈ ಸರಿಯಾಗಿ ತೊಡೆಯ ಮೇಲಿರುತ್ತಿತ್ತು."

ಆ ಕೊನೆಯ ಮಾತಿನಲ್ಲಿ ಹೆಮ್ಮೆಯೂ ಇತ್ತು. ನಾನು ಇಂದಿಗೂ ಮರೆಯಲಾಗದಿರುವುದು ಆ ಹೆಮ್ಮೆಯನ್ನು.

ಆಮೇಲೆ ಒಂದೊಂದೇ ಗಂಟು ಬಿಚ್ಚಿತು. ಪಕ್ಕವಾದ್ಯಕ್ಕೆ ಕುಳಿತವರು ಗಾಯಕರ ಕಡೆಗೆ ಓರೆಯಾಗಿ ತಿರುಗಿರುತ್ತಾರೆ, ಸಭಿಕರು ನೇರ ಕಣ್ಣಿಗೆ ಬೀಳುವುದಿಲ್ಲ. ಸೋಲೋ ಕಚೇರಿಯಲ್ಲಿ ಎದುರಿಗೇ ರಸಿಕರು, ಎಲ್ಲರೂ ತಾಳ ಹಾಕುವವರು. ಆರನೆಯ ಎಣಿಕೆಗೆ ಇಡೀ ಸಭೆ ಒಟ್ಟಿಗೆ ಅಂಗೈ ತೆರೆಯುತ್ತದೆ. ಇವರು ಕಣ್ಣು ಮುಚ್ಚಿ ನುಡಿಸುವುದನ್ನು ತನ್ಮಯತೆ ಎಂದು ಮೆಚ್ಚಿದವರಿದ್ದಾರೆ. ಗಾಯಕರ ಮುಖ ನೋಡಿಯೇ ಮುಂದಿನ ಸಂಗತಿ ಊಹಿಸುತ್ತಾರೆ ಎಂಬ ಹೊಗಳಿಕೆಯೂ ಇತ್ತು. ಮುಖ ಓದುವುದನ್ನು ಅವರು ಕಲಿತದ್ದು ಸಂಗೀತಕ್ಕಾಗಿ ಅಲ್ಲ, ಕೆನ್ನೆ ಉಳಿಸಿಕೊಳ್ಳಲು.

ಅಂದಿನ ಭೇಟಿ ಅಲ್ಲಿಗೇ ಮುಗಿಯಬಹುದಿತ್ತು. ಅವರು ಕಮಾನಿನ ತಿರುಪು ಸಡಿಲಿಸುತ್ತಾ, ನನ್ನತ್ತ ನೋಡದೆ, ಇನ್ನೊಂದು ಮಾತು ಹೇಳಿದರು. "ಮೊನ್ನೆ ಮಗಳು ನುಡಿಸುವಾಗ ತಪ್ಪಿದಳು. ಅಪ್ಪ ಅಲ್ಲೇ ಕುಳಿತಿದ್ದರು. ನಕ್ಕುಬಿಟ್ಟರು. 'ಪರವಾಗಿಲ್ಲ ಪುಟ್ಟಿ, ಇನ್ನೊಂದು ಸಲ ನುಡಿಸು' ಎಂದರು. ನನಗೆ ನನ್ನ ಮಗಳ ಮೇಲೆ ಹೊಟ್ಟೆಕಿಚ್ಚಾಯಿತು ಮೇಡಂ. ಎಂಥ ಅಪ್ಪ ನಾನು?"

ಈ ಹೊಟ್ಟೆಕಿಚ್ಚನ್ನು ನಾನು ಬೇರೆ ಮನೆಗಳಲ್ಲೂ ಕಂಡಿದ್ದೇನೆ. ನಾಚಿಕೆ ಪಡಬೇಕಾದದ್ದು ಅದರಲ್ಲಿ ಏನೂ ಇಲ್ಲ. ಅಪ್ಪನಿಗೆ ನಗುವುದು ಬರುತ್ತಿತ್ತು ಎಂಬುದಕ್ಕೆ ಆ ಕ್ಷಣ ಸಾಕ್ಷಿ ಸಿಕ್ಕಿತು. ಬರುವುದೇ ಇಲ್ಲ ಎಂದುಕೊಂಡಾಗ ಸಹಿಸಿಕೊಳ್ಳಬಹುದಿತ್ತು. ಬರುತ್ತಿತ್ತು, ತನ್ನ ಪಾಲಿಗೆ ಮಾತ್ರ ಇರಲಿಲ್ಲ ಎಂದು ತಿಳಿದಾಗ ಒಳಗಿನ ಎಂಟು ವರ್ಷದ ಹುಡುಗ ಎದ್ದು ಕೂರುತ್ತಾನೆ. ನಾನು ಹೇಳಿದ್ದ 'ಆ ಕಾಲವೇ ಹಾಗಿತ್ತು' ಎಂಬ ಮಾತೂ ಆ ನಗುವಿನ ಮುಂದೆ ಪುಡಿಯಾಯಿತು. ಅವರ ಕ್ಷಮೆ ಕೇಳಿದೆ.

ಮುಂದಿನ ವಾರ ಅವರು ವಾದಕ್ಕೆ ಸಿದ್ಧರಾಗಿಯೇ ಬಂದರು. "ಏಟಿಲ್ಲದೆ ನಾನು ಇಷ್ಟಾದರೂ ಆಗುತ್ತಿದ್ದೆನೇ? ಮೈಹರ್‌ನ ಬಾಬಾ ಅಲ್ಲಾವುದ್ದೀನ್ ಖಾನರು ಮಗನನ್ನು ಹೊಡೆಯಲಿಲ್ಲವೇ? ಆ ಮಗನೇ ಹೆಸರಾಂತ ಸರೋದ್ ವಾದಕ ಅಲಿ ಅಕ್ಬರ್ ಖಾನರು ಆಗಲಿಲ್ಲವೇ?" ಸಂಗೀತದ ಮನೆಗಳಿಂದ ಬರುವ ಹೆಚ್ಚಿನವರು ಈ ಉದಾಹರಣೆಯನ್ನು ಕಿಸೆಯಲ್ಲಿಟ್ಟುಕೊಂಡೇ ಬರುತ್ತಾರೆ. ನಾನು ಅದೇ ಮನೆಯ ಇನ್ನೊಬ್ಬ ಶಿಷ್ಯನ ಹೆಸರು ಹೇಳಿದೆ. ಸಿತಾರ್ ವಾದಕ ರವಿಶಂಕರ್ ಅವರ ಮೇಲೆ ಬಾಬಾ ಕೈಯೆತ್ತಿದವರಲ್ಲ. ಒಮ್ಮೆ ಗದರಿದ್ದಕ್ಕೇ ಅವರು ಗಂಟುಮೂಟೆ ಕಟ್ಟಿ ಹೊರಟಿದ್ದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. ಒಬ್ಬನೇ ಗುರು, ಒಂದೇ ಪಾಠ. ಏಟು ತಿಂದವರೂ ಕಲಿತರು, ತಿನ್ನದವರೂ ಕಲಿತರು. ಹಾಗಿದ್ದ ಮೇಲೆ ಕಲಿಸಿದ್ದು ಏಟು ಹೇಗಾದೀತು? ಏಟಿಗೆ ಹೆದರಿ ವಾದ್ಯವನ್ನೇ ಅಟ್ಟಕ್ಕೆ ಎಸೆದವರ ಹೆಸರು ಯಾವ ಕಚೇರಿಯ ಕರಪತ್ರದಲ್ಲೂ ಬರುವುದಿಲ್ಲ.

ಅವರು ಪೂರ್ತಿ ಒಪ್ಪಲಿಲ್ಲ. ಒಪ್ಪಿಸಬೇಕೆಂಬ ಹಟ ನನಗೂ ಇರಲಿಲ್ಲ.

ಕೊಟ್ಟ ಸಲಹೆಗಳಲ್ಲಿ ಸುಲಭದ್ದು ಮೊದಲು. ಸಹವಾದಕರೊಬ್ಬರು ಕೊಟ್ಟಿದ್ದ ಪ್ರೊಪ್ರನೊಲಾಲ್ ಮಾತ್ರೆಯನ್ನು ಇವರು ಕಚೇರಿಗೆ ಮುನ್ನ ನುಂಗುತ್ತಿದ್ದರು. ಎದೆಬಡಿತ, ಕೈನಡುಕ ತಗ್ಗಿಸುವ ಮಾತ್ರೆ ಅದು, ನಿಜ. ಆದರೆ ಇವರಿಗೆ ಚಿಕ್ಕಂದಿನಿಂದ ಉಬ್ಬಸವಿತ್ತು. ಉಬ್ಬಸವಿರುವವರಿಗೆ ಆ ಮಾತ್ರೆ ಉಸಿರಿಗೇ ಕುತ್ತು ತರಬಹುದು. ಅಂದೇ ಮನೋವೈದ್ಯರ ಬಳಿಗೆ ಕಳುಹಿಸಿದೆ. ಆಘಾತದ ನೆನಪುಗಳ ಚಿಕಿತ್ಸೆಯನ್ನು ಅಲ್ಲಿನ ಮನಶ್ಶಾಸ್ತ್ರಜ್ಞರು ವಹಿಸಿಕೊಂಡರು. ಸಂಗೀತ ವಲಯದಲ್ಲಿ ಮಾತ್ರೆಗಳು ಅಡಿಕೆಲೆಯಂತೆ ಕೈಯಿಂದ ಕೈಗೆ ದಾಟುವುದನ್ನು ಕೇಳಿದಾಗ ಭಯವಾಗುತ್ತದೆ.

ಎರಡನೆಯದು ಸಂಗೀತದೊಳಗಿನಿಂದಲೇ ಸಿಕ್ಕಿತು. ರಾಗವನ್ನು ಬಿಡಿಸಿ ನುಡಿಸುವ ಆಲಾಪನೆಗೆ ತಾಳವಿಲ್ಲ. ಆಲಾಪನೆ ನುಡಿಸುವಾಗ ಅವರ ಭುಜ ಅಲುಗುತ್ತಲೇ ಇರಲಿಲ್ಲ. ಒಂದು ತಿಂಗಳು ಮನೆಯಲ್ಲಿ ತಾಳಕ್ಕೆ ನುಡಿಸುವ ವರಸೆ, ವರ್ಣ ಯಾವುದೂ ಬೇಡ, ನಾಲ್ಕೂವರೆಯ ಅಲಾರಾಂ ಬೇಡ, ಹಗಲು ಹೊತ್ತಿನಲ್ಲಿ ಬರಿಯ ಆಲಾಪನೆ ಎಂದೆ. ಆಮೇಲೆ ಹೆಂಡತಿ ತಾಳ ಹಾಕಬೇಕು, ಮೊದಲು ಪಕ್ಕದಲ್ಲಿ ಕುಳಿತು, ಬಳಿಕ ಎದುರಿಗೆ. ಭುಜ ಏರಿದರೆ ನಿಲ್ಲಿಸಿ, ಉಸಿರು ಬಿಟ್ಟು, ಅದು ಹೆಂಡತಿಯ ಕೈ ಎಂದು ಕಣ್ಣು ಬಿಟ್ಟು ನೋಡಬೇಕು. ಹುಣಸೆ ಬೀಜಗಳ ಲೆಕ್ಕ ಮಾತ್ರ ಎಂದಿಗೂ ಬೇಡ.

ಮೂರನೆಯದು ಅವರಿಗೆ ನೋವು ತಂದಿತು. ಒಂದು ವರ್ಷ ಮಗಳಿಗೆ ನೀವು ಪಾಠ ಹೇಳಬೇಡಿ, ಬೇರೆ ಗುರುಗಳಲ್ಲಿಗೆ ಕಳುಹಿಸಿ ಎಂದೆ. ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪಲಿಲ್ಲ. ಭಯಪಡುವ ಕೆಲಸದಿಂದ ದೂರವಿಟ್ಟರೆ ಭಯ ಬಲಿಯುತ್ತದೆ ಎಂಬುದು ಅವರ ವಾದ. ಪುಸ್ತಕದ ಪ್ರಕಾರ ಅದು ಸರಿಯೇ. ಆದರೆ ಭಯವನ್ನು ಎದುರಿಸಿ ಪಳಗಲು ಇವರ ಮುಂದೆ ಸಭೆಯಿದೆ, ಹೆಂಡತಿಯಿದ್ದಾರೆ, ನಾನಿದ್ದೇನೆ. ಎಂಟು ವರ್ಷದ ಹುಡುಗಿಯನ್ನು ಅಪ್ಪನ ಚಿಕಿತ್ಸೆಯ ಸಲಕರಣೆ ಮಾಡಲು ನನಗೆ ಮನಸ್ಸಿಲ್ಲ. ಅಪ್ಪ ಪ್ರತಿ ಆರನೆಯ ಎಣಿಕೆಗೆ ಬೆಚ್ಚುವುದನ್ನು ನೋಡುತ್ತಾ ಬೆಳೆದರೆ, ಒಂದೂ ಏಟು ತಿನ್ನದೆ ಅವಳ ಭುಜವೂ ಏರುವುದನ್ನು ಕಲಿತೀತು.

ತಂದೆಯನ್ನು ಕ್ಷಮಿಸಿ ಎಂದು ನಾನು ಹೇಳಲಿಲ್ಲ, ಜಗಳವಾಡಿ ಎಂದೂ ಹೇಳಲಿಲ್ಲ. ಹೀಗೆ ಬರೆದಾಗಲೆಲ್ಲ ಗುರುಭಕ್ತಿಗೆ ಕೊಡಲಿ ಹಾಕುತ್ತೀರಿ, ಮನೆ ಮುರಿಯುತ್ತೀರಿ ಎಂಬ ಪತ್ರಗಳು ಬರುತ್ತವೆ. ಗಾಯ ಎಲ್ಲಿದೆ ಎಂದು ಗೊತ್ತಾಗುವ ಮೊದಲೇ ಕ್ಷಮೆಯ ಪಟ್ಟಿ ಕಟ್ಟಿದರೆ ಅದು ಒಳಗೇ ಕೀವಾಗುತ್ತದೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಬಾಲ್ಯದ ಕಹಿ ಅನುಭವಗಳ ಕುರಿತ ಹೆಸರಾಂತ ಅಧ್ಯಯನವೊಂದಿದೆ. ಹೊಡೆತ, ಅವಮಾನ, ಮನೆಯಲ್ಲಿ ಹಿಂಸೆ ಇಂಥ ಅನುಭವಗಳಲ್ಲಿ ನಾಲ್ಕೋ ಹೆಚ್ಚೋ ಕಂಡವರಲ್ಲಿ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚಿತ್ತು. ಇದು ಹಣೆಬರಹವಲ್ಲ, ಅಪಾಯದ ಲೆಕ್ಕ ಮಾತ್ರ. ಆದರೂ 'ಸ್ವಲ್ಪ ಏಟು' ಎಂದು ನಗುವ ಮುನ್ನ ನೆನಪಿರಲಿ.

ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮನೆಯ ನಡುಮನೆಯಲ್ಲಿ ನಡೆಯುವ ಸಂಗೀತ ಪಾಠದ ಮೇಲೆ ಯಾರ ಕಣ್ಣೂ ಇಲ್ಲ. ಪಾಠದ ದಿನ ಮಾತ್ರ ಮಗುವಿಗೆ ಹೊಟ್ಟೆನೋವು ಬರುತ್ತಿದ್ದರೆ, ತಪ್ಪಿದ ಕೂಡಲೇ ವಾದ್ಯ ಬಿಟ್ಟು ನಿಮ್ಮ ಮುಖ ನೋಡುತ್ತಿದ್ದರೆ, ಶ್ರುತಿಪೆಟ್ಟಿಗೆ ಆರಿಸಿ ಮಗುವನ್ನು ಮಾತನಾಡಿಸಿ. ಮಕ್ಕಳ ಸಹಾಯವಾಣಿ 1098. ನೀವೇ ಆ ಮಗುವಾಗಿದ್ದವರಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ.

ಏಳು ತಿಂಗಳ ಮೇಲೆ ಅವರು ಸ್ನೇಹಿತರ ಮನೆಯಲ್ಲಿ ಇಪ್ಪತ್ತು ಜನರ ಮುಂದೆ ಒಂದು ಗಂಟೆ ಸೋಲೋ ನುಡಿಸಿದರು. ವಾಡಿಕೆಯಂತೆ ಮೊದಲು ನುಡಿಸುವ ವರ್ಣ ಬಿಟ್ಟು ನೇರ ಆಲಾಪನೆಯಿಂದಲೇ ಶುರು ಮಾಡಿದರಂತೆ. ಭುಜ ಎರಡು ಸಲ ಎದ್ದಿತು ಎಂದು ಹೆಂಡತಿ ಎಣಿಸಿ ಹೇಳಿದರು. ಮಗಳು ಶನಿವಾರ ಪಕ್ಕದ ಬಡಾವಣೆಯ ಗುರುಗಳಲ್ಲಿಗೆ ಹೋಗುತ್ತಿದ್ದಾಳೆ. "ಮನೆಯಲ್ಲೇ ನಾವಿಬ್ಬರಿರುವಾಗ ಬೇರೆಯವರ ಬಳಿ ಯಾಕಪ್ಪಾ?" ಎಂದು ತಂದೆ ಕೇಳಿದ್ದಾರೆ. ಏನು ಉತ್ತರ ಹೇಳಲಿ ಎಂದು ಕೇಳಲು ಈ ಬುಧವಾರ ಬರುತ್ತಿದ್ದಾರೆ.