‘ಅಮ್ಮಾ, ನಾನು ದಪ್ಪ ಇದ್ದೀನಾ?’

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಮೊನ್ನೆ ಸ್ನಾನ ಮುಗಿಸಿ ಕನ್ನಡಿ ಮುಂದೆ ನಿಂತು, ಹೊಟ್ಟೆ ಒಳಗೆಳೆದುಕೊಂಡು ‘ಅಮ್ಮಾ, ನಾನು ದಪ್ಪ ಇದ್ದೀನಾ?’ ಎಂದು ಕೇಳಿದಳು. ‘ಛೇ, ಇಲ್ಲ ಪುಟ್ಟಾ, ನೀನು ಚೆಂದ ಇದ್ದೀಯ’ ಎಂದೆ. ಮರುದಿನ ಮತ್ತೆ ಅದೇ ಪ್ರಶ್ನೆ. ತೂಕ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ನೆಂಟರು ಮಾತ್ರ ಬಂದಾಗಲೆಲ್ಲ ಕೆನ್ನೆ ಹಿಂಡಿ ‘ಗುಂಡಮ್ಮ’ ಎನ್ನುತ್ತಾರೆ. ಅವಳಿಗೆ ಏನು ಹೇಳಲಿ?

ಉತ್ತರ: ನಿಮ್ಮ ಮಾತಿನಲ್ಲಿ ಪ್ರೀತಿ ಇತ್ತು. ಆದರೆ ಆ ‘ಛೇ’ ಇದೆಯಲ್ಲ, ಮಗುವಿನ ಕಿವಿಗೆ ಬಿದ್ದದ್ದು ಅದು. ದಪ್ಪಗಿರುವುದು ಅಮ್ಮನೂ ಬೆಚ್ಚುವಂಥ ಸಂಗತಿ ಎಂದಾಯಿತು. ಇವತ್ತು ಇಲ್ಲ ಅಂದರು ಸರಿ, ನಾಳೆ ಆಗಿಬಿಟ್ಟರೆ? ಮರುದಿನ ಮತ್ತೆ ಕೇಳಿದ್ದು ಅದಕ್ಕೇ ಇರಬಹುದು.

ಮುಂದಿನ ಸಲ ಉತ್ತರ ಕೊಡುವ ಮೊದಲು ನೀವೇ ಕೇಳಿ: ‘ಯಾಕೆ ಹಾಗನ್ನಿಸ್ತು? ಯಾರಾದ್ರೂ ಏನಾದ್ರೂ ಅಂದ್ರಾ?’ ಎದುರು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ತಲೆ ಒರೆಸುತ್ತಾ, ಬಟ್ಟೆ ಮಡಿಸುತ್ತಾ ಕೇಳಿ. ಆರು ವರ್ಷದ ಮಗು ಒಂದೇ ಸಲಕ್ಕೆ ಎಲ್ಲ ಹೇಳುವುದಿಲ್ಲ. ಎರಡು ದಿನ ಬಿಟ್ಟು, ನಿದ್ದೆಗೆ ಜಾರುವ ಹೊತ್ತಿಗೆ ಬಾಯಿಬಿಡುತ್ತದೆ.

ಆಮೇಲೆ ಹೊಟ್ಟೆಯ ವಿಷಯ. ಅವಳ ಕೈಯನ್ನು ಅವಳ ಹೊಟ್ಟೆಯ ಮೇಲೆ ಇಡಿಸಿ, ಜೋರಾಗಿ ಉಸಿರೆಳೆದುಕೊಳ್ಳಲು ಹೇಳಿ. ಹೊಟ್ಟೆ ಉಬ್ಬುತ್ತದೆ. ಎದೆಗೂಡಿನ ಕೆಳಗಿರುವ ವಪೆ ಎಂಬ ಸ್ನಾಯು ಕೆಳಕ್ಕಿಳಿದು ಶ್ವಾಸಕೋಶಕ್ಕೆ ಜಾಗ ಮಾಡಿಕೊಡುವಾಗ ಹೊಟ್ಟೆ ಮುಂದೆ ಬರಲೇಬೇಕು. ಈಗ ಹೊಟ್ಟೆ ಎಳೆದುಹಿಡಿದು ಅದೇ ಉಸಿರು ತೆಗೆದುಕೋ ಎನ್ನಿ. ಆಗುವುದಿಲ್ಲ! ನಾನು ನೋಡಿದ ಮಕ್ಕಳಿಗೆ ಇದು ಹತ್ತು ಸಮಾಧಾನದ ಮಾತಿಗಿಂತ ಬೇಗ ನಾಟಿದೆ.

ನಿಮಗೂ ಒಂದು ವಿಷಯ ಗೊತ್ತಿರಲಿ. ಮಕ್ಕಳು ಸಾಮಾನ್ಯವಾಗಿ ತೀರಾ ತೆಳ್ಳಗಿರುವುದು 5–6ರ ವಯಸ್ಸಿನಲ್ಲಿ. ಅಲ್ಲಿಂದ ಮುಂದೆ ಮೈ ಮತ್ತೆ ತುಂಬಿಕೊಳ್ಳುತ್ತಾ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಋತುಮತಿಯಾಗುವ ಮುಂಚಿನ ವರ್ಷಗಳಲ್ಲಿ ಇನ್ನಷ್ಟು. ಬದಲಾಗುವುದೇ ಬೆಳೆಯುವ ದೇಹದ ಕೆಲಸ.

ಮಕ್ಕಳು ತಮ್ಮ ಮೈಯನ್ನು ತಾವಾಗಿ ದ್ವೇಷಿಸಲು ಕಲಿಯುವುದಿಲ್ಲ. 1940ರ ಸುಮಾರಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿ 3ರಿಂದ 7 ವರ್ಷದ ಕಪ್ಪು ಜನಾಂಗದ ಮಕ್ಕಳ ಮುಂದೆ ಬಿಳಿ ಮತ್ತು ಕಂದು ಬಣ್ಣದ ಗೊಂಬೆಗಳನ್ನಿಟ್ಟು ಯಾವುದು ಚೆಂದ ಎಂದು ಕೇಳಿದ್ದರು. ಹೆಚ್ಚಿನವರು ಬಿಳಿಯದನ್ನು ತೋರಿಸಿದರು. ‘ನಿನ್ನ ಹಾಗಿರುವುದು ಯಾವುದು?’ ಎಂದಾಗ ಕೆಲವರು ಅತ್ತರು. ಮೂರು ವರ್ಷದ ಮಗುವಿಗೆ ಅದನ್ನು ಕಲಿಸಿದ್ದು ಸುತ್ತಲಿನವರಲ್ಲದೆ ಇನ್ಯಾರು?

ಹಾಗಾಗಿ ನೆಂಟರ ವಿಷಯದಲ್ಲಿ ದಾಕ್ಷಿಣ್ಯ ಬೇಡ. ‘ಅವಳಿಗೆ ಆ ಹೆಸರು ಇಷ್ಟವಿಲ್ಲ, ಅವಳ ಹೆಸರು ಹಿಡಿದೇ ಕರೀರಿ’ ಎಂದು ಮಗಳಿಗೆ ಕೇಳಿಸುವಂತೆ, ನಗುಮುಖದಲ್ಲೇ ಹೇಳಿ. ಅವರು ಪ್ರೀತಿಯಿಂದಲೇ ಕರೆಯುತ್ತಿರಬಹುದು. ಆದರೂ ಅಮ್ಮ ತನ್ನ ಪರ ನಿಂತಳು ಎಂಬುದು ಮಗುವಿಗೆ ತಿಳಿಯಬೇಕು.

ಇನ್ನೊಂದು ಮಾತು, ಬೇಸರಿಸಬೇಡಿ. ಅದೇ ಕನ್ನಡಿ ಮುಂದೆ ನೀವು ನಿಂತಾಗ ಏನು ಹೇಳಿಕೊಳ್ಳುತ್ತೀರಿ? ‘ಅಯ್ಯೋ, ಎಷ್ಟು ದಪ್ಪ ಆಗಿಬಿಟ್ಟೆ’ ಎನ್ನುವ ಅಭ್ಯಾಸವಿದ್ದರೆ, ಬಿಡಬೇಕಾದ ಮೊದಲ ಮಾತು ಅದು. ಮನೆಯಲ್ಲಿ ತೂಕದ ಮಾತನ್ನೇ ಎತ್ತಬೇಡಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2016ರಲ್ಲಿ ಕೊಟ್ಟ ಸಲಹೆ. ಹೆತ್ತವರು ತಮ್ಮ ತೂಕದ ಬಗ್ಗೆ ಆಡುವ ಮಾತಿಗೂ ಅದು ಅನ್ವಯಿಸುತ್ತದೆ.

ಅವಳು ಊಟ ಬಿಡತೊಡಗಿದರೆ, ಕದ್ದು ತಿನ್ನತೊಡಗಿದರೆ, ಇಷ್ಟದ ಆಟಕ್ಕೂ ಹೋಗದೆ ಮುದುಡಿದರೆ ತಡಮಾಡದೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ. ಅಲ್ಲಿಯವರೆಗೆ, ನಿಮ್ಮ ಹೊಟ್ಟೆಯ ಮೇಲೆ ಬಸಿರಿನ ಗೆರೆಗಳಿದ್ದರೆ ಒಮ್ಮೆ ಅವಳಿಗೆ ತೋರಿಸಿ. ‘ನೀನು ಇಲ್ಲೇ ಇದ್ದೆ, ನಿನಗೆ ಜಾಗ ಸಾಲದೆ ಇದು ಹಿಗ್ಗಿತು’ ಎನ್ನಿ. ಬಹುಶಃ ಬೆರಳಿಟ್ಟು ಒಂದೊಂದೇ ಗೆರೆ ಎಣಿಸುತ್ತಾಳೆ. ಎಣಿಸಲಿ ಬಿಡಿ.