ಗಾಜಿನ ಪ್ಯಾಟರ್ನ್ ಬಾರ್ ಗರಗಸದಡಿ ಸೀಳಿದ್ದೇಕೆ?

ಬಣ್ಣಬಣ್ಣದ ಗಾಜಿನ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿ ಕಿಲ್ನಿನಲ್ಲಿ (ಗಾಜು ಕಾಯಿಸುವ ವಿದ್ಯುತ್ ಕುಲುಮೆಯಲ್ಲಿ) ಬೆಸೆದರೆ ಒಂದು ದಪ್ಪ ಕಂಬಿ ಸಿಗುತ್ತದೆ. ಅದೇ ಪ್ಯಾಟರ್ನ್ ಬಾರ್. ಅದನ್ನು ಅಡ್ಡಲಾಗಿ ಕೊಯ್ದು ಬಿಲ್ಲೆಗಳನ್ನು ತೆಗೆದು, ಆ ಬಿಲ್ಲೆಗಳನ್ನು ಹೊಂದಿಸಿ ಮತ್ತೆ ಬೆಸೆದು ತಟ್ಟೆ, ಬಟ್ಟಲು, ಗೋಡೆಫಲಕಗಳನ್ನು ಮಾಡುತ್ತಾರೆ. ಬಾಳೆದಿಂಡನ್ನು ಎಲ್ಲಿ ಕೊಯ್ದರೂ ಅದೇ ಸುತ್ತುಗಳು ಕಾಣುವಂತೆ, ಬಾರನ್ನು ಎಲ್ಲಿ ಕೊಯ್ದರೂ ಅದೇ ವಿನ್ಯಾಸ ಕಾಣುತ್ತದೆ. ಈ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಉಷ್ಣತೆಯ ಅಂಕಿಗಳೆಲ್ಲ ಸೆಲ್ಸಿಯಸ್‌ನಲ್ಲಿವೆ. ಅವು ಫ್ಯೂಸಿಂಗ್‌ಗೆಂದೇ, ಅಂದರೆ ಹೀಗೆ ಬೆಸೆಯುವುದಕ್ಕೆಂದೇ, ತಯಾರಾಗುವ ಬುಲ್ಸ್‌ಐ ಕಂಪನಿಯ ಗಾಜಿಗೆ ಸೇರಿದವು. ಬೇರೆ ಗಾಜಿಗೆ ಅದನ್ನು ತಯಾರಿಸಿದವರ ಅಂಕಿಗಳನ್ನೇ ಅನುಸರಿಸಬೇಕು.

ಪ್ರಶ್ನೆ: 25 ಸೆಂಟಿಮೀಟರ್ ಉದ್ದ, 5 ಅಗಲ, ಎರಡೂವರೆ ಸೆಂಟಿಮೀಟರ್ ದಪ್ಪದ ಬಾರ್ ಮಾಡಿದ್ದೆ. ಕಿಲ್ನಿನಿಂದ ಒಂದು ಗೀರೂ ಇಲ್ಲದೆ ಹೊರಬಂತು. ಮೂರನೆಯ ಬಿಲ್ಲೆ ಕೊಯ್ಯುವಾಗ ಉದ್ದಕ್ಕೂ ಸೀಳಿಹೋಯಿತು. 482 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ ಆಮೇಲೆ ಕಿಲ್ನ್ ಆರಿಸಿದ್ದೆ. ಗರಗಸದ ತಪ್ಪೇ? (ಮೈಸೂರಿನ ಓದುಗರು)

ಉತ್ತರ: ಗರಗಸದ ತಪ್ಪಲ್ಲ. ಅನೀಲಿಂಗಿಗೆ, ಅಂದರೆ ಗಾಜನ್ನು ಒಂದು ಉಷ್ಣತೆಯಲ್ಲಿ ನಿಲ್ಲಿಸಿ ನಿಧಾನವಾಗಿ ತಣಿಸಿ ಒಳಬಿಗಿ ಬಿಡಿಸುವುದಕ್ಕೆ, ನೀವು ಕೊಟ್ಟ ಸಮಯ ಸಾಲದಾಗಿದೆ.

ಗಾಜು ಶಾಖವನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ. ಸ್ವಿಚ್ ಆರಿಸಿದ ಮೇಲೆ ಬಾರಿನ ಹೊರಮೈ ಬೇಗ ತಣಿದು ಬಿಗಿಯಿತು. ತಿರುಳು ಆಗ ಇನ್ನೂ ಬಿಸಿಯಾಗಿತ್ತು. ಆಮೇಲೆ ತಿರುಳು ಕುಗ್ಗಲು ಹೊರಟಾಗ ಬಿಗಿದ ಹೊರಮೈ ಜಾಗ ಬಿಡಲಿಲ್ಲ. ಹೀಗೆ ಹೊರಗೆ ಒತ್ತಡ, ಒಳಗೆ ಎಳೆತ ಉಳಿದುಕೊಂಡು ಒಂದನ್ನೊಂದು ತಡೆದು ನಿಂತಿದ್ದವು. ಬಾರ್ ನೋಡಲು ಗಟ್ಟಿಮುಟ್ಟಾಗಿಯೇ ಇತ್ತು. ಗರಗಸ ಹೊರಮೈಯನ್ನು ಕೊಯ್ದೊಡನೆ ಆ ಸಮತೋಲ ತಪ್ಪಿತು.

ತಯಾರಕರ ಲೆಕ್ಕ ನೋಡಿ. 12 ಮಿಲಿಮೀಟರ್ ದಪ್ಪದ ಗಾಜನ್ನು 482ರಲ್ಲಿ 2 ಗಂಟೆ ನಿಲ್ಲಿಸಿ, 427ರವರೆಗೆ ಗಂಟೆಗೆ 55 ಡಿಗ್ರಿಯಂತೆ ಇಳಿಸಬೇಕು. ನಿಮ್ಮ ಬಾರಿನಂತೆ 25 ಮಿಲಿಮೀಟರ್ ಇದ್ದರೆ 482ರಲ್ಲಿ 4 ಗಂಟೆ ನಿಲ್ಲಿಸಬೇಕು. 427ರವರೆಗೆ ಗಂಟೆಗೆ 15 ಡಿಗ್ರಿ, ಅಲ್ಲಿಂದ 371ರವರೆಗೆ 27 ಡಿಗ್ರಿ, ಆಮೇಲೆ ಕೋಣೆಯ ಉಷ್ಣತೆಯವರೆಗೆ ಗಂಟೆಗೆ 90 ಡಿಗ್ರಿ ಮೀರಬಾರದು. ಒಟ್ಟು ಸುಮಾರು 14 ಗಂಟೆ. ದಪ್ಪ ಇಮ್ಮಡಿಯಾದರೆ ಇಳಿಸುವ ವೇಗವನ್ನು ಸುಮಾರು ಕಾಲುಭಾಗಕ್ಕೆ ತಗ್ಗಿಸಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕರಗಿದ ಗಾಜು ಹರಡದಂತೆ ಸುತ್ತ ಕಟ್ಟಿದ ಒಡ್ಡುಗಳು ಶಾಖ ಹಿಡಿದಿಟ್ಟುಕೊಂಡು ಬಾರ್ ಎಲ್ಲ ಕಡೆ ಒಂದೇ ಸಮ ತಣಿಯದಂತೆ ಮಾಡುತ್ತವೆ. ಅದಕ್ಕಾಗಿ ನಾನು ಯಾವಾಗಲೂ ನಿಜವಾದ ದಪ್ಪಕ್ಕಿಂತ ಒಂದು ಹಂತ ಮೇಲಿನ ಲೆಕ್ಕವನ್ನೇ ಹಿಡಿಯುತ್ತೇನೆ. ವಿದ್ಯುತ್ ಬಿಲ್ಲಿಗೆ ಅಂಜಬೇಡಿ: ಇಳಿಯುವ ಹಂತದಲ್ಲಿ ಕಿಲ್ನ್ ಆಗಾಗ ಹೊತ್ತಿಕೊಳ್ಳುತ್ತದೆಯೇ ಹೊರತು ಏರುವಾಗಿನಷ್ಟು ಕರೆಂಟ್ ಎಳೆಯುವುದಿಲ್ಲ.

ಉಳಿದ ತುಂಡನ್ನು ಎಸೆಯಬೇಡಿ. ಗಂಟೆಗೆ 30 ಡಿಗ್ರಿಯಂತೆ 530ರವರೆಗೆ ಏರಿಸಿ, ಒಂದು ಗಂಟೆ ನಿಲ್ಲಿಸಿ, 482ಕ್ಕೆ ಇಳಿಸಿ ಮೇಲಿನ ಕ್ರಮವನ್ನು ಪೂರ್ತಿ ಮಾಡಿ. ಒಡೆಯದೆ ಉಳಿದ ಗಾಜಿನ ಒಳಬಿಗಿಯನ್ನು ಹೀಗೆ ಬಿಡಿಸಬಹುದು. ಇಳಿಯುವ ಮಧ್ಯೆ ಕರೆಂಟ್ ಹೋದರೂ ಇದೇ ದಾರಿ. ಮುಚ್ಚಳ ಮಾತ್ರ ತೆರೆಯಬೇಡಿ. ಕರೆಂಟ್ ಬಂದ ಮೇಲೆ ನಿಧಾನವಾಗಿ ಏರಿಸಿ ಅನೀಲಿಂಗ್ ಮೊದಲಿನಿಂದ ಮಾಡಿ.

ಕಿಲ್ನಿನೊಳಗೇ ಬಿರುಕು ಬಿಟ್ಟಿದ್ದರೆ ಬಿರುಕಿನ ಅಂಚನ್ನು ದೀಪಕ್ಕೆ ಹಿಡಿದು ನೋಡಿ. ಅಂಚು ದುಂಡಾಗಿದ್ದರೆ ಶಾಖ ಏರುವಾಗ ಒಡೆದು, ಆಮೇಲೆ ಕರಗಿ ನಯವಾಗಿದೆ. ಕೈ ಕೊಯ್ಯುವಷ್ಟು ಹರಿತವಾಗಿದ್ದರೆ ಇಳಿಯುವಾಗ ಒಡೆದದ್ದು. ಎರಡು ಬಣ್ಣ ಸೇರುವ ಗೆರೆಯನ್ನೇ ಹಿಡಿದು ಬಿರುಕು ಸಾಗಿದ್ದರೆ ಆ ಗಾಜುಗಳು ಒಂದಕ್ಕೊಂದು ಹೊಂದುವವಲ್ಲ ಎಂದು ಅನುಮಾನಿಸಬೇಕು.

ಪ್ರಶ್ನೆ: ಬಿಳಿ, ಕಪ್ಪು, ನೀಲಿ ಪಟ್ಟಿಗಳನ್ನು ನೇರವಾಗಿ ಜೋಡಿಸಿದ್ದೆ. ಕೊಯ್ದಾಗ ಗೆರೆಗಳು ಬಾಗಿವೆ, ಪಾರದರ್ಶಕ ನೀಲಿಯಂತೂ ಕಪ್ಪಾಗಿ ಕಾಣುತ್ತಿದೆ. (ಬೆಂಗಳೂರಿನ ಓದುಗರು)

ಉತ್ತರ: ಬಾರಿನ ಮೇಲ್ಮೈ ಎಷ್ಟು ಸುಂದರವಾಗಿದ್ದರೂ ಮುಂದಿನ ಕೆಲಸಕ್ಕೆ ಬೇಕಾಗಿರುವುದು ಕೊಯ್ದ ಮುಖ. ಹೊಸಬರಲ್ಲಿ ಹೆಚ್ಚಿನವರು ಪಟ್ಟಿಗಳನ್ನು ಮೇಲಿನಿಂದ ನೋಡುತ್ತಾ ಜೋಡಿಸುತ್ತಾರೆ. ಚೌಕುಳಿ ಕಾಗದದ ಮೇಲೆ ಕೊಯ್ದ ಮುಖವನ್ನು ಅದರ ನಿಜವಾದ ಅಳತೆಯಲ್ಲಿ ಮೊದಲು ಬರೆಯಿರಿ. 3 ಮಿಲಿಮೀಟರ್ ಹಾಳೆಯಿಂದ ಕತ್ತರಿಸಿದ ಪಟ್ಟಿ ಅಲ್ಲಿ 3 ಮಿಲಿಮೀಟರ್ ಗೆರೆಯಾಗುತ್ತದೆ. ಇನ್ನೂ ತೆಳುವಾದ ಗೆರೆ ಬೇಕಿದ್ದರೆ 2 ಮಿಲಿಮೀಟರ್ ಹಾಳೆಯೂ ಸಿಗುತ್ತದೆ.

ಗೆರೆ ಬಾಗುವುದಕ್ಕೆ ಮುಖ್ಯ ಕಾರಣ ಖಾಲಿ ಜಾಗ. ಪಟ್ಟಿಗಳ ನಡುವೆ, ಪಟ್ಟಿಗೂ ಒಡ್ಡಿಗೂ ನಡುವೆ ಬಿಟ್ಟ ಸಂದನ್ನು ತುಂಬಲು ಮೇಲಿನ ಗಾಜು ಇಳಿಯುತ್ತದೆ, ಇಳಿಯುವಾಗ ಗೆರೆಯನ್ನೂ ತನ್ನೊಂದಿಗೆ ಎಳೆಯುತ್ತದೆ. ಪಟ್ಟಿಗಳ ಅಗಲ ಒಂದೇ ಸಮ ಇರಲಿ, ಒಡ್ಡುಗಳು ಬಿಗಿಯಾಗಿ ಒತ್ತಿಕೊಂಡಿರಲಿ. ಗಾಜನ್ನು ತೂಗಿ ಲೆಕ್ಕ ಹಾಕಿ: ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.5 ಗ್ರಾಂ. 25×5×2.5 ಅಳತೆಯ ಬಾರಿಗೆ ಸುಮಾರು 780 ಗ್ರಾಂ ಗಾಜು ಬೇಕು. ಅದಕ್ಕಿಂತ ಕಡಿಮೆ ಇಟ್ಟರೆ ಬಾರ್ ತೆಳ್ಳಗಾಗುತ್ತದೆ. ಒಡ್ಡಿನ ಒಳಮೈಗೆ 3 ಮಿಲಿಮೀಟರ್ ದಪ್ಪದ ಫೈಬರ್ ಪೇಪರ್ (ಶಾಖ ತಡೆಯುವ ನಾರಿನ ಕಾಗದ) ಹಚ್ಚಿ, ಆ ಕಾಗದದ ಎತ್ತರವನ್ನು ಬಾರಿನ ಅಂತಿಮ ಎತ್ತರಕ್ಕಿಂತ 3 ಮಿಲಿಮೀಟರ್ ಕಡಿಮೆ ಇಡಿ. ಹಾಗೆ ಮಾಡದಿದ್ದರೆ ಗಾಜು ಇಳಿಯುವಾಗ ಕಾಗದಕ್ಕೆ ಅಂಟಿಕೊಂಡು ಅಂಚಿನಲ್ಲಿ ಸೂಜಿಯಂಥ ಮೊನೆಗಳು ಉಳಿಯುತ್ತವೆ. ಏರುವಾಗ 677ರ ಆಸುಪಾಸಿನಲ್ಲಿ ಒಂದು ಗಂಟೆ ನಿಲ್ಲಿಸಿದರೆ ಪದರಗಳ ನಡುವಿನ ಗಾಳಿ ಹೊರಹೋಗುತ್ತದೆ. ಆಮೇಲೆ 804ಕ್ಕೆ ಏರಿಸಿ.

ಎಲ್ಲ ಬಣ್ಣಗಳೂ ಒಂದೇ ರೀತಿ ಹರಿಯುವುದಿಲ್ಲ ಎಂಬುದೂ ಗೊತ್ತಿರಲಿ. ಸಾಮಾನ್ಯವಾಗಿ ಕಪ್ಪು ಬೇಗ ಮೆದುವಾಗುತ್ತದೆ, ಅಪಾರದರ್ಶಕ ಬಿಳಿ ಬಿಗುವಾಗಿ ನಿಲ್ಲುತ್ತದೆ. ಹೀಗಾಗಿ ಕಪ್ಪು ಗೆರೆ ಬಿಳಿಯನ್ನು ಬಳಸಿಕೊಂಡು ಬಾಗುತ್ತದೆ. ಈ ಬಾಗು ನನಗೆ ತುಂಬ ಇಷ್ಟ. ಸ್ಕೇಲ್ ಇಟ್ಟು ಎಳೆದಂಥ ಗೆರೆಯನ್ನು ಹಾಳೆಯ ಗಾಜನ್ನು ಕತ್ತರಿಸಿಯೂ ಪಡೆಯಬಹುದು. ಶಾಖ ಬರೆದ ಗೆರೆ ಸಿಗುವುದು ಬಾರಿನಲ್ಲಿ. ಬೇಕಾದ ಕಡೆ ನೀವೇ ಒಂದು ಸಣ್ಣ ಸಂದು ಬಿಟ್ಟು ಗೆರೆಯನ್ನು ಅಲ್ಲಿಗೆ ಇಳಿಸಿ ನೋಡಿ.

ಇನ್ನು ನೀಲಿ. ಹಾಳೆಯಾಗಿದ್ದಾಗ ನೀವು ಅದನ್ನು 3 ಮಿಲಿಮೀಟರ್ ದಪ್ಪದಲ್ಲಿ ನೋಡಿದ್ದಿರಿ. 8 ಮಿಲಿಮೀಟರ್ ಬಿಲ್ಲೆಯಲ್ಲಿ ಬೆಳಕು ಹೆಚ್ಚುಕಡಿಮೆ ಮೂರು ಹಾಳೆಗಳನ್ನು ದಾಟಿ ಬರಬೇಕು, ಅಕ್ಕಪಕ್ಕದಲ್ಲಿ ಅಪಾರದರ್ಶಕ ಬಣ್ಣಗಳ ಗೋಡೆ ಬೇರೆ. ಯಾವುದೇ ಪಾರದರ್ಶಕ ಬಣ್ಣವನ್ನು ಆರಿಸುವ ಮೊದಲು ಅದರ ಮೂರು ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಬಿಳಿ ಕಾಗದದ ಮೇಲೆ ನೋಡಿ. ಅಲ್ಲಿ ನೀಲಿಯಾಗಿಯೇ ಉಳಿದರೆ ಬಳಸಿ; ಕಪ್ಪೆನಿಸಿದರೆ ಅದೇ ಬಣ್ಣದ ತೀರಾ ತಿಳಿಛಾಯೆಗೆ ಬನ್ನಿ.

ಪ್ರಶ್ನೆ: ಕಿಟಕಿ ಗಾಜಿನ ತುಂಡುಗಳು, ಒಡೆದ ಬಳೆಚೂರುಗಳು ನಮ್ಮಲ್ಲಿ ಧಾರಾಳವಾಗಿ ಸಿಗುತ್ತವೆ. ಅವನ್ನೂ ಸೇರಿಸಿ ಬಾರ್ ಮಾಡಬಹುದೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಒಂದೇ ಕಿಟಕಿ ಗಾಜಿನ ಹಾಳೆಯಿಂದ ಕತ್ತರಿಸಿದ ಪಟ್ಟಿಗಳು ತಮ್ಮೊಳಗೆ ಬೆಸೆಯುತ್ತವೆ. ಆದರೆ ಅವನ್ನು ಫ್ಯೂಸಿಂಗ್ ಗಾಜಿನೊಂದಿಗೋ ಬಳೆಯೊಂದಿಗೋ ಸೇರಿಸಬೇಡಿ. ಬಿಸಿಯಾದಾಗ ಹಿಗ್ಗುವ, ತಣಿದಾಗ ಕುಗ್ಗುವ ಪ್ರಮಾಣ ಒಂದೊಂದು ಗಾಜಿಗೆ ಒಂದೊಂದು. ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವ ಎರಡು ಗಾಜು ಅಂಟಿಕೊಂಡರೆ ಅವುಗಳ ನಡುವಿನ ಜಗ್ಗಾಟವನ್ನು ಯಾವ ಅನೀಲಿಂಗೂ ಬಿಡಿಸಲಾರದು. ಕೆಲವೊಮ್ಮೆ ಗಾಜು ತಿಂಗಳುಗಟ್ಟಲೆ ಸುಮ್ಮನಿದ್ದು ಆಮೇಲೆ ಒಡೆಯುತ್ತದೆ. ಪೆಟ್ಟಿಗೆಯ ಮೇಲೆ ಹಿಗ್ಗುವ ಪ್ರಮಾಣ 90 ಎಂದೋ 96 ಎಂದೋ ಒಂದೇ ಅಂಕಿ ಇದ್ದರೂ ಹೊಂದಾಣಿಕೆ ಖಾತ್ರಿಯಲ್ಲ, ಏಕೆಂದರೆ ಕರಗಿದ ಗಾಜಿನ ಮಂದತೆಯೂ ಇದರಲ್ಲಿ ಸೇರಿದೆ.

ಈ ಕಷ್ಟ ದೊಡ್ಡ ಕಲಾವಿದರನ್ನೂ ಕಾಡಿತ್ತು. ಜರ್ಮನಿಯ ಹ್ಯಾಂಬರ್ಗ್‌ನ ಕ್ಲಾಸ್ ಮೋಯೆ ಬಣ್ಣದ ಗಾಜಿನ ಕಂಬಿಗಳನ್ನು ಕೊಯ್ದು, ಜೋಡಿಸಿ, ಬೆಸೆದು ಕೆಲಸ ಮಾಡುತ್ತಿದ್ದರು. 1979ರಲ್ಲಿ ಅಮೆರಿಕದ ಪಿಲ್ಚಕ್ ಗಾಜುಶಾಲೆಯಲ್ಲಿ ಅವರಿಗೆ ಬುಲ್ಸ್‌ಐ ಸಂಸ್ಥಾಪಕರಲ್ಲಿ ಒಬ್ಬರಾದ ಬಾಯ್ಸ್ ಲುಂಡ್‌ಸ್ಟ್ರಮ್ ಭೇಟಿಯಾದರು. 1974ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಶುರುವಾಗಿದ್ದ ಆ ಕಂಪನಿ ಒಂದಕ್ಕೊಂದು ಹೊಂದುವ ಬಣ್ಣದ ಹಾಳೆಗಳನ್ನು ತಯಾರಿಸತೊಡಗಿತು. 1982ರಲ್ಲಿ ಮೋಯೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾಕ್ಕೆ ಹೋಗಿ ಅಲ್ಲಿನ ಕಲಾಶಾಲೆಯಲ್ಲಿ ಗಾಜಿನ ವಿಭಾಗ ಕಟ್ಟಿದರು. ಇಂದು ನಾವು ಎಷ್ಟು ಬಣ್ಣ ಬೇಕಾದರೂ ಬೆರೆಸುವ ಧೈರ್ಯ ಮಾಡುತ್ತೇವಲ್ಲ, ಅದರ ಹಿಂದೆ ಈ ಒಡನಾಟವಿದೆ.

ಬಳೆಚೂರಿನ ಆಸೆ ಬಿಡಲಾಗದಿದ್ದರೆ ಒಂದು ಚೂರನ್ನು ಪಾರದರ್ಶಕ ಗಾಜಿನ ತುಂಡಿನ ಮೇಲೆ ಬೆಸೆದು, ಸರಿಯಾಗಿ ಅನೀಲ್ ಮಾಡಿ. ಒಂದಕ್ಕೊಂದು ಅಡ್ಡಲಾಗಿ ತಿರುಗಿಸಿದ ಎರಡು ಪೋಲರೈಸಿಂಗ್ ಫಿಲ್ಟರ್‌ಗಳ ನಡುವೆ ಅದನ್ನು ಹಿಡಿದು ಬೆಳಕಿನತ್ತ ನೋಡಿ. ಚೂರಿನ ಸುತ್ತ ಬೆಳಕಿನ ಬಳೆ ಕಂಡರೆ ಅಲ್ಲಿ ಬಿಗಿ ಇದೆ ಎಂದರ್ಥ, ಆ ಚೂರು ಬೇಡ.

ಪ್ರಶ್ನೆ: ಹಳದಿ ಮತ್ತು ವೈಡೂರ್ಯದ ನೀಲಿ (ಟರ್ಕ್ವಾಯ್ಸ್) ಸೇರುವಲ್ಲಿ ಕಂದು ಗೆರೆ ಮೂಡಿದೆ. ಕೊಳೆಯೇ? (ಮೆಲ್ಬರ್ನ್‌ನ ಕನ್ನಡಿಗರು)

ಉತ್ತರ: ಕೊಳೆಯಲ್ಲ, ರಾಸಾಯನಿಕ ಕ್ರಿಯೆ. ಹಳದಿ, ಕಿತ್ತಳೆ, ಕೆಂಪು ಗಾಜುಗಳಲ್ಲಿ ಅನೇಕವು ಗಂಧಕ ಅಥವಾ ಸೆಲೆನಿಯಂ ಹೊಂದಿರುತ್ತವೆ. ವೈಡೂರ್ಯದ ನೀಲಿಗೆ ಬಣ್ಣ ಬರುವುದು ತಾಮ್ರದಿಂದ. ಇವು ಬಿಸಿಯಲ್ಲಿ ತಾಗಿದರೆ ಗಾಢ ಗೆರೆ ಮೂಡುತ್ತದೆ. ಬೇಡವೆಂದರೆ ನಡುವೆ ಬಣ್ಣವಿಲ್ಲದ ಒಂದು ಪಾರದರ್ಶಕ ಪಟ್ಟಿ ಇಡಿ. ನನ್ನ ಮಾತು ಕೇಳುವುದಾದರೆ ಆ ಗೆರೆಯನ್ನು ಉಳಿಸಿಕೊಳ್ಳಿ: ಕೈಯಿಂದ ಇಡಲಾಗದಷ್ಟು ತೆಳುವಾದ ಗೆರೆ ಅದು.

ಪ್ರಶ್ನೆ: ಬಿಲ್ಲೆ ಎಷ್ಟು ದಪ್ಪವಿರಬೇಕು? ಒಂದು ಬಾರಿನಿಂದ ಎಷ್ಟು ದೊಡ್ಡ ತಟ್ಟೆ ಆಗುತ್ತದೆ? ಎರಡನೆಯ ಸಲ ಬೆಸೆದಾಗ ಮೇಲೆ ಬಿಳಿ ಮಸುಕು ಬರುವುದೇಕೆ? (ಮಂಗಳೂರಿನ ಓದುಗರು)

ಉತ್ತರ: ಪೂರ್ತಿ ಕರಗಿದ ಗಾಜು ತಡೆಯಿಲ್ಲದಿದ್ದರೆ ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಬಂದು ನಿಲ್ಲುತ್ತದೆ. ಅದಕ್ಕಿಂತ ತೆಳುವಾದದ್ದು ಒಳಕ್ಕೆ ಸರಿಯುತ್ತದೆ, ದಪ್ಪನಾದದ್ದು ಹರಡುತ್ತದೆ. ನಾನು 8 ಮಿಲಿಮೀಟರ್ ಕೊಯ್ದು, ವಿನ್ಯಾಸ ಹರಡದಂತೆ ಸುತ್ತ ಒಡ್ಡು ಕಟ್ಟುತ್ತೇನೆ. ಗರಗಸದ ಅಲಗು 2 ಮಿಲಿಮೀಟರ್ ತಿನ್ನುತ್ತದೆ ಎಂದಿಟ್ಟುಕೊಂಡರೆ 25 ಸೆಂಟಿಮೀಟರ್ ಬಾರಿಗೆ ಹೆಚ್ಚೆಂದರೆ 25 ಬಿಲ್ಲೆ. ದುಂಡಗಾದ ಎರಡು ತುದಿಗಳನ್ನು ಬಿಟ್ಟರೆ 23. ಒಂದೊಂದರ ಮುಖ ಹನ್ನೆರಡೂವರೆ ಚದರ ಸೆಂಟಿಮೀಟರ್. ಅಂದರೆ ಬದಿಗೆ ಸುಮಾರು 17 ಸೆಂಟಿಮೀಟರ್ ಇರುವ ಚೌಕ ತಟ್ಟೆ. ಐದನೆಯ ಒಂದು ಭಾಗ ಗಾಜು ಗರಗಸದ ನೀರಿಗೆ ಹೋಗುತ್ತದೆ, ಅದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಸುಕು ಬರುವುದು ಮೇಲ್ಮೈಯಲ್ಲಿ ಗಾಜು ಹರಳುಗಟ್ಟುವುದರಿಂದ. ಕೊಯ್ದಾಗ ಅಂಟಿದ ಸಣ್ಣ ಪುಡಿ ಆ ಹರಳುಗಳಿಗೆ ಬೀಜವಾಗುತ್ತದೆ. ಕೊಯ್ದ ಬಿಲ್ಲೆಯನ್ನು ಒಣಗಲು ಬಿಡದೆ ನೇರವಾಗಿ ನೀರಿನ ಬಕೆಟ್ಟಿಗೆ ಹಾಕಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡೂ ಮುಖ ಉಜ್ಜಿ, ಶುದ್ಧ ನೀರಿನಲ್ಲಿ ತೊಳೆದು, ದಾರ ಬಿಡದ ಬಟ್ಟೆಯಲ್ಲಿ ಒರೆಸಿ.

ಆ ಪುಡಿ ಶ್ವಾಸಕೋಶಕ್ಕೂ ಹಾನಿ ಮಾಡುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಟೈಲ್ಸ್ ಕೊಯ್ಯುವ, ವಜ್ರದ ಅಲಗಿನ ಯಂತ್ರ ಸಾಕು, ಆದರೆ ನೀರು ಸದಾ ಹರಿಯುತ್ತಿರಲೇಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಫೈಬರ್ ಪೇಪರ್ ಕಿತ್ತು ತೆಗೆಯುವಾಗ, ಕಿಲ್ನ್ ವಾಷ್ (ಗಾಜು ಅಂಟದಂತೆ ಕಿಲ್ನಿನ ಹಲಗೆಗೆ ಬಳಿಯುವ ಲೇಪ) ಕೆರೆಯುವಾಗ ಎನ್95 ಅಥವಾ ಅದಕ್ಕಿಂತ ಉತ್ತಮ ಮಾಸ್ಕ್ ಧರಿಸಿ. ಕೆಲಸದ ಜಾಗವನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಗರಗಸದ ತೊಟ್ಟಿಯ ಕೆಸರನ್ನು ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಬಕೆಟ್ಟಿನಲ್ಲಿ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿನೀರನ್ನು ಬಸಿದು, ಕೆಸರು ಒಣಗುವ ಮೊದಲೇ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ.